ಖಾಲಿ ಬಿದ್ದ ವಸತಿ ಗೋಪುರಗಳು: ಕೆಡವುವ ಲೆಕ್ಕ, ಉಳಿಸುವ ಲೆಕ್ಕ

ಸರ್ಕಾರವೋ ನಗರಸಭೆಯೋ ಕಟ್ಟಿಸಿದ ಬಹುಮಹಡಿ ವಸತಿ ಕಟ್ಟಡವೊಂದು ಜನರಿಲ್ಲದೆ ನಿಂತಾಗ, ಕೆಡವಬೇಕೋ ದುರಸ್ತಿ ಮಾಡಿ ಮತ್ತೆ ಒಕ್ಕಲು ತುಂಬಿಸಬೇಕೋ ಎಂಬ ವಾದ ಏಳುತ್ತದೆ. ಕಳೆದ ಐವತ್ತು ವರ್ಷಗಳಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್, ಜರ್ಮನಿ, ನೆದರ್ಲೆಂಡ್ಸ್, ಕೆನಡಾ ಎಲ್ಲವೂ ಈ ವಾದದ ಮೂಲಕ ಹಾದುಹೋಗಿವೆ. ಹೆಚ್ಚುಕಡಿಮೆ ಒಂದೇ ಕಾಲದ, ಒಂದೇ ಬಗೆಯ ಕಟ್ಟಡಕ್ಕೆ ಒಂದೂರಿನಲ್ಲಿ ಸ್ಫೋಟಕ ಇಟ್ಟರು, ಇನ್ನೊಂದೂರಿನಲ್ಲಿ ಅದನ್ನು ಉಳಿಸಿದವರಿಗೆ ವಾಸ್ತುಶಿಲ್ಪದ ಪ್ರಶಸ್ತಿ ಬಂತು. ಈ ವ್ಯತ್ಯಾಸಕ್ಕೆ ಕಾಂಕ್ರೀಟಿನ ಗುಣ ಸ್ವಲ್ಪ ಮಟ್ಟಿಗೆ ಕಾರಣ. ಯಾವ ಖರ್ಚನ್ನು ಯಾವ ಖಾತೆಗೆ ಬರೆದರು ಎಂಬುದು ಅದಕ್ಕಿಂತ ದೊಡ್ಡ ಕಾರಣ.

ಎರಡನೇ ಮಹಾಯುದ್ಧದ ನಂತರ ಮನೆಗಳ ಬರ ಎಲ್ಲೆಡೆ ಇತ್ತು. ಅಮೆರಿಕದ 1949ರ ವಸತಿ ಕಾಯ್ದೆ ಕೊಳೆಗೇರಿ ತೆರವಿಗೂ ಸರ್ಕಾರಿ ಮನೆಗಳಿಗೂ ಹಣ ಕೊಟ್ಟಿತು. ಬ್ರಿಟನ್ 1956ರಲ್ಲಿ ಮಹಡಿ ಏರಿದಷ್ಟೂ ಸಹಾಯಧನ ಏರುವ ನಿಯಮ ತಂದು 1967ರಲ್ಲಿ ಕೈಬಿಟ್ಟಿತು. ಫ್ರಾನ್ಸ್ ಊರಂಚಿನಲ್ಲಿ ಭಾರಿ ವಸತಿ ಸಮುಚ್ಚಯಗಳನ್ನು ಎಬ್ಬಿಸಿ, 1973ರ ಸುತ್ತೋಲೆಯೊಂದರಿಂದ ಅದಕ್ಕೆ ತಡೆ ಹಾಕಿತು. ಪೂರ್ವ ಜರ್ಮನಿ ಕಾರ್ಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟ್ ಫಲಕಗಳನ್ನು ಕ್ರೇನಿನಲ್ಲಿ ಜೋಡಿಸುತ್ತಾ, ತಾನು ಇಲ್ಲವಾಗುವವರೆಗೂ ಕಟ್ಟುತ್ತಲೇ ಇತ್ತು.

ಕೆಡವುವಿಕೆಯ ಕಥೆ ಸಾಮಾನ್ಯವಾಗಿ ಸೇಂಟ್ ಲೂಯಿಸ್ ನಗರದ ಪ್ರೂಯಿಟ್-ಐಗೋ ಬಡಾವಣೆಯಿಂದ ಶುರುವಾಗುತ್ತದೆ. 57 ಎಕರೆ, ತಲಾ 11 ಮಹಡಿಯ 33 ಕಟ್ಟಡ, 2,870 ಮನೆ. 1954ರಲ್ಲಿ ಮೊದಲ ಒಕ್ಕಲು ಬಂದಿತು. 1972ರಲ್ಲಿ ಮೊದಲ ಕಟ್ಟಡ ಉರುಳಿತು, 1976ರ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಧೂಳೆಬ್ಬಿಸಿ ಕುಸಿಯುವ ಆ ಚಿತ್ರ ಜಗತ್ತಿನಾದ್ಯಂತ ಅಚ್ಚಾಯಿತು, ಎತ್ತರದ ಸರ್ಕಾರಿ ಮನೆ ಎಂದರೆ ಸೋಲು ಎಂಬ ತೀರ್ಪೂ ಅದರೊಂದಿಗೇ ಹರಡಿತು. ವಿನ್ಯಾಸದಲ್ಲಿ ದೋಷವಿತ್ತು, ನಿಜ. ಖರ್ಚು ಉಳಿಸಲು ಲಿಫ್ಟನ್ನು 1, 4, 7, 10ನೇ ಮಹಡಿಗಳಲ್ಲಿ ಮಾತ್ರ ನಿಲ್ಲಿಸುತ್ತಿದ್ದರು, ಉಳಿದವರು ಕತ್ತಲ ಮೆಟ್ಟಿಲು ಹತ್ತಬೇಕಿತ್ತು. ಆದರೆ ಕಟ್ಟುವುದಕ್ಕೆ ಕೇಂದ್ರದ ಹಣವಿದ್ದರೂ ನಿರ್ವಹಣೆಗೆ ಬಾಡಿಗೆಯೇ ಗತಿಯಾಗಿತ್ತು. 1950ರಲ್ಲಿ ಸುಮಾರು 8.57 ಲಕ್ಷವಿದ್ದ ಊರಿನ ಜನಸಂಖ್ಯೆ 1970ಕ್ಕೆ 6.22 ಲಕ್ಷಕ್ಕೆ ಇಳಿದಿತ್ತು. ಒಕ್ಕಲು ಕಡಿಮೆಯಾದಂತೆ ಬಾಡಿಗೆ ಕಡಿಮೆ, ಬಾಡಿಗೆ ಕಡಿಮೆಯಾದಂತೆ ದುರಸ್ತಿ ಕಡಿಮೆ, ದುರಸ್ತಿ ನಿಂತಂತೆ ಮತ್ತಷ್ಟು ಒಕ್ಕಲು ಖಾಲಿ. 1969ರಲ್ಲಿ ಉಳಿದವರು ಬಾಡಿಗೆ ಕೊಡದೆ ಮುಷ್ಕರ ಹೂಡಿದರು. ಕೆಡವಿದ ಜಾಗದ ಬಹುಭಾಗ ದಶಕಗಳ ಕಾಲ ಗಿಡಗಂಟಿ ಬೆಳೆದುಕೊಂಡು ಬರಿದಾಗಿಯೇ ಉಳಿಯಿತು ಎಂಬುದನ್ನು ಆ ಪ್ರಸಿದ್ಧ ಚಿತ್ರ ತೋರಿಸುವುದಿಲ್ಲ.

ಲಂಡನ್ನಿನ ರೋನನ್ ಪಾಯಿಂಟ್ ಬೇರೆಯೇ ಬಗೆಯ ಪ್ರಕರಣ. 1968ರ ಮೇ 16ರ ಬೆಳಗ್ಗೆ 22 ಮಹಡಿಯ ಆ ಗೋಪುರದ 18ನೇ ಮಹಡಿಯಲ್ಲಿ ಅಡುಗೆ ಅನಿಲ ಸ್ಫೋಟಿಸಿತು. ಒಂದು ಗೋಡೆಯ ಫಲಕ ಕಳಚಿತು, ಅದನ್ನೇ ನೆಚ್ಚಿದ್ದ ಮೇಲಿನ ಮಹಡಿಗಳು ಬಿದ್ದವು, ಆ ಭಾರಕ್ಕೆ ಕೆಳಗಿನವೂ ಬಿದ್ದು ಕಟ್ಟಡದ ಒಂದು ಮೂಲೆಯೇ ಇಲ್ಲವಾಯಿತು. ನಾಲ್ವರು ಸತ್ತರು. ಬಲಪಡಿಸಿ ಮತ್ತೆ ಬಳಸಿದ ಆ ಕಟ್ಟಡವನ್ನು 1986ರಲ್ಲಿ ಬಿಡಿಸಿದಾಗ, ಗಾರೆ ತುಂಬಬೇಕಿದ್ದ ಕೆಲವು ಸಂದುಗಳಲ್ಲಿ ಹಳೆಯ ಪತ್ರಿಕೆಯ ಕಾಗದ ಸಿಕ್ಕಿತು. ಫಲಕ ಜೋಡಿಸಿ ಕಟ್ಟಿದ ಕಟ್ಟಡಗಳನ್ನು ನೋಡುವ ಕಣ್ಣೇ ಅಂದಿನಿಂದ ಬದಲಾಗಿದೆ, ಬದಲಾಗಬೇಕಾಗಿತ್ತು ಕೂಡ.

ಇಲ್ಲಿಂದ ಮುಂದಕ್ಕೆ, ಸ್ಫೋಟಕಗಳಿಗಿಂತ ಹೆಚ್ಚು ಕಟ್ಟಡಗಳನ್ನು ಉರುಳಿಸಿದ ಲೆಕ್ಕಪತ್ರದ ಹಂತಕ್ಕೆ ಬರಬೇಕು. ಒಂದು ಸರ್ಕಾರಿ ಮನೆ ಕೆಡವಿದರೆ ಬದಲಿಗೆ ಒಂದು ಕಟ್ಟಲೇಬೇಕು ಎಂಬ ನಿಯಮವನ್ನು ಅಮೆರಿಕ 1995ರಲ್ಲಿ ಅಮಾನತಿನಲ್ಲಿಟ್ಟು, 1998ರಲ್ಲಿ ಕಾಯಮ್ಮಾಗಿ ತೆಗೆಯಿತು. ನಡುವೆ, 1996ರಲ್ಲಿ ಕಾರ್ಯಸಾಧ್ಯತೆಯ ಪರೀಕ್ಷೆಯೊಂದು ಬಂತು. 300ಕ್ಕಿಂತ ಹೆಚ್ಚು ಮನೆಗಳಿದ್ದು ಕನಿಷ್ಠ ಶೇ. 10ರಷ್ಟು ಖಾಲಿ ಇರುವ ಬಡಾವಣೆಗಳಲ್ಲಿ ಎರಡು ಮೊತ್ತ ಹೋಲಿಸಬೇಕು: ದುರಸ್ತಿ ಮಾಡಿ ನಡೆಸುವ ಖರ್ಚು ಒಂದು ಕಡೆ, ಅದೇ ಕುಟುಂಬಗಳಿಗೆ ಖಾಸಗಿ ಬಾಡಿಗೆಮನೆಗಾಗಿ ವೋಚರ್ (ಬಾಡಿಗೆ ಸಹಾಯಧನದ ಚೀಟಿ) ಕೊಡುವ ಖರ್ಚು ಇನ್ನೊಂದು ಕಡೆ. ವೋಚರ್ ಅಗ್ಗವಾದರೆ ಆ ಮನೆಗಳು ಸರ್ಕಾರಿ ಪಟ್ಟಿಯಿಂದ ಹೊರಕ್ಕೆ. ಶಿಕಾಗೋ ಒಂದರಲ್ಲೇ ಸುಮಾರು 18,000 ಮನೆ ಈ ಪರೀಕ್ಷೆಯಲ್ಲಿ ಉತ್ತೀರ್ಣವಾಗಲಿಲ್ಲ.

ಕಾಗದದ ಮೇಲೆ ಈ ಹೋಲಿಕೆ ಸರಿಯಾಗಿಯೇ ಕಾಣುತ್ತದೆ. ಆದರೆ ಅದರ ಎರಡು ಅಂಕಿಗಳೂ ಪರೀಕ್ಷೆಗೆ ಮುಂಚೆಯೇ ತಯಾರಾಗಿರುತ್ತವೆ. ಇಪ್ಪತ್ತು ವರ್ಷ ಮುಂದೂಡಿದ ದುರಸ್ತಿಯೆಲ್ಲ ಒಂದೇ ಬಿಲ್ಲಿನಲ್ಲಿ ಬಂದು ಕೂರುತ್ತದೆ. ಖಾಲಿ ಮನೆಗಳ ಪ್ರಮಾಣವೂ ತಾನಾಗಿ ಬಂದದ್ದಲ್ಲ. ಒಕ್ಕಲು ಬಿಟ್ಟ ಮನೆಯನ್ನು ಸರಿಪಡಿಸಿ ಮರುಬಾಡಿಗೆಗೆ ಕೊಡಲು ಹಣವಿಲ್ಲದೆ ಬೀಗ ಹಾಕುತ್ತಾರೆ. ಅಲ್ಲಿ ನಲ್ಲಿಯ ವಾಷರ್ ಸವೆದು ನೀರು ತೊಟ್ಟಿಕ್ಕಿದರೆ ನೋಡುವವರಿಲ್ಲ. ನೀರು ಸ್ಲ್ಯಾಬಿನ ಪೈಪ್ ತೂತಿನಿಂದ ಕೆಳಗಿನ ಮನೆಯ ಛಾವಣಿಗೆ ಇಳಿಯುತ್ತದೆ, ಆ ಸಂಸಾರವೂ ಹೊರಡುತ್ತದೆ. ತಾಮ್ರದ ಕೊಳವೆ, ವೈರು ಕಳ್ಳರ ಪಾಲಾಗುತ್ತವೆ. ಒಂದೇ ಬಾಯ್ಲರಿನಿಂದ ಇಡೀ ಕಟ್ಟಡಕ್ಕೆ ಬಿಸಿನೀರು ಹರಿಯುವಲ್ಲಿ ಅರ್ಧ ಕಟ್ಟಡ ಖಾಲಿಯಾದರೂ ಬಾಯ್ಲರಿನ ಖರ್ಚು ಅರ್ಧವಾಗುವುದಿಲ್ಲ. ಲಿಫ್ಟಿನದೂ ಹಾಗೆಯೇ. ಹೀಗೆ ಉಳಿದ ಪ್ರತಿ ಮನೆಯ ತಲಾ ಖರ್ಚು ಏರುತ್ತದೆ, ಆ ಏರಿಕೆಯೇ ಕಟ್ಟಡ ದುಬಾರಿ ಎಂಬುದಕ್ಕೆ ಸಾಕ್ಷಿಯಾಗುತ್ತದೆ.

ಹಳೆಯ ಸರ್ಕಾರಿ ಬಡಾವಣೆಗಳನ್ನು ಕೆಡವಿ ಹೊಸದಾಗಿ ಕಟ್ಟುವ, ಇದೇ ಕಾಲದ ಹೋಪ್ ಸಿಕ್ಸ್ ಯೋಜನೆಯಡಿ ದೇಶದಾದ್ಯಂತ 90,000ಕ್ಕೂ ಹೆಚ್ಚು ಸರ್ಕಾರಿ ಮನೆಗಳು ನೆಲಸಮವಾದವು. ಶಿಕಾಗೋದ ರಾಬರ್ಟ್ ಟೇಲರ್ ಹೋಮ್ಸ್‌ನ ತಲಾ 16 ಮಹಡಿಯ 28 ಗೋಪುರಗಳು 2007ರ ಹೊತ್ತಿಗೆ ಹೋದವು. ಅದೇ ಊರಿನ ಕ್ಯಾಬ್ರಿನಿ-ಗ್ರೀನ್ ಬಡಾವಣೆಯ ಕೊನೆಯ ಗೋಪುರ 2011ರಲ್ಲಿ ಬಿತ್ತು. ಅಲ್ಲಿನ ಅಪರಾಧ, ಭಯ ಸುಳ್ಳಲ್ಲ, ಹೊರಬಂದು ನೆಮ್ಮದಿ ಕಂಡವರೂ ಇದ್ದಾರೆ. ಆದರೆ ಬದಲಿಗೆ ಬಂದ ಮಿಶ್ರ ಆದಾಯದ ಬಡಾವಣೆಗಳಲ್ಲಿ ಹಳೆಯ ಒಕ್ಕಲುಗಳೆಲ್ಲರಿಗೂ ಜಾಗವಿರಲಿಲ್ಲ.

ಕೆಡವುವುದು ಅಗ್ಗ, ಬೇಗ ಮುಗಿಯುವ ಕೆಲಸ ಎಂಬ ನಂಬಿಕೆಯನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಕಾಂಕ್ರೀಟ್ ವಸತಿ ಕಟ್ಟಡ ಒಂದು ಚದರ ಮೀಟರ್ ನೆಲಕ್ಕೆ ಸುಮಾರು ಒಂದು ಟನ್ ತೂಗುತ್ತದೆ. 60 ಚದರ ಮೀಟರಿನ 100 ಮನೆ, ಮೇಲೆ ಮೆಟ್ಟಿಲು ಮತ್ತು ಓಣಿ ಸೇರಿದರೆ 7,000ದಿಂದ 8,000 ಟನ್. ಲಾರಿಗೆ 20 ಟನ್ನಿನಂತೆ 350ರಿಂದ 400 ಲೋಡ್. ಇದಕ್ಕೂ ಮೊದಲು ಕಲ್ನಾರು (ಉಸಿರಿನೊಳಗೆ ಹೋದರೆ ಅಪಾಯಕಾರಿಯಾದ ಆಸ್ಬೆಸ್ಟಾಸ್) ತೆಗೆಯಬೇಕು. ಛಾವಣಿಯ ಲೇಪ, ಪೈಪಿನ ಸುತ್ತು, ನೆಲದ ಟೈಲ್ ಮತ್ತದರ ಅಂಟು, ಎಲ್ಲ ಕಡೆಯೂ ಅದು ಇರಬಹುದು. ಕೋಣೆಯನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಒಳಗಿನ ಗಾಳಿಯ ಒತ್ತಡವನ್ನು ಹೊರಗಿನದಕ್ಕಿಂತ ಕಡಿಮೆ ಇಟ್ಟು, ಒದ್ದೆ ಮಾಡಿ ಕೀಳಬೇಕು. ಉಳಿಸಿದರೂ ಕೆಡವಿದರೂ ಈ ಖರ್ಚು ತಪ್ಪದು. ಹಾಗಿದ್ದೂ ಎಷ್ಟೋ ಅಂದಾಜುಪಟ್ಟಿಗಳಲ್ಲಿ ಅದು ದುರಸ್ತಿಯ ಕಡೆಗೆ ಮಾತ್ರ ಕಾಣಿಸಿಕೊಳ್ಳುತ್ತದೆ. ಅದಾದ ಮೇಲೆ ಕಿಟಕಿ, ಬಾಗಿಲು, ಪ್ಲಾಸ್ಟರ್‌ಬೋರ್ಡ್ ತೆಗೆದು, ಮೆಟ್ಟಿಲು ಮತ್ತು ಅಡ್ಡಗೋಡೆಗಳನ್ನು ಅಲ್ಲಲ್ಲಿ ದುರ್ಬಲಗೊಳಿಸಿ, ಕಂಬಗಳಲ್ಲಿ ರಂಧ್ರ ಕೊರೆದು ಸ್ಫೋಟಕ ತುಂಬುತ್ತಾರೆ. ಎಲ್ಲವೂ ಒಟ್ಟಿಗೆ ಸಿಡಿಯದಂತೆ ಮಿಲಿಸೆಕೆಂಡುಗಳ ಅಂತರ ಇಡುತ್ತಾರೆ. ಈ ಲೆಕ್ಕ ತಪ್ಪಿದರೆ ಕಟ್ಟಡ ಅರ್ಧಕ್ಕೆ ನಿಲ್ಲುತ್ತದೆ. ಗ್ಲಾಸ್ಗೋದ ರೆಡ್ ರೋಡ್ ಬಡಾವಣೆಯ ಉಕ್ಕಿನ ಚೌಕಟ್ಟಿನ ಆರು ಗೋಪುರಗಳನ್ನು 2015ರ ಅಕ್ಟೋಬರಿನಲ್ಲಿ ಒಟ್ಟಿಗೆ ಸಿಡಿಸಿದಾಗ ಎರಡು ಪೂರ್ತಿ ಬೀಳಲಿಲ್ಲ. ಓರೆಯಾಗಿ ನಿಂತ ಅವನ್ನು ಆಮೇಲೆ ಯಂತ್ರಗಳಿಂದ ಬಿಡಿಸಬೇಕಾಯಿತು. ಪಕ್ಕದಲ್ಲಿ ಮನೆಗಳಿದ್ದರೆ ಸ್ಫೋಟದ ದಾರಿಯೇ ಇಲ್ಲ. ಸಣ್ಣ ಅಗೆಯುವ ಯಂತ್ರಗಳನ್ನು ಮೇಲಕ್ಕೇರಿಸಿ ಒಂದೊಂದೇ ಮಹಡಿ ಒಡೆಯುತ್ತ ಇಳಿಯಬೇಕು.

ಉಳಿಸುವ ಕೆಲಸ ತಪಾಸಣೆಯಿಂದ ಆರಂಭವಾಗುತ್ತದೆ, ಯೋಗ್ಯವಲ್ಲದ ಕಟ್ಟಡ ಗೊತ್ತಾಗುವುದೂ ಇಲ್ಲಿಯೇ. ಗೋಡೆ, ಸ್ಲ್ಯಾಬುಗಳಿಂದ ಕಾಂಕ್ರೀಟಿನ ಕೋರ್ (ಕೊರೆದು ತೆಗೆದ ಉರುಳೆಯಾಕಾರದ ತುಂಡು) ತೆಗೆದು ಒತ್ತಿ ನೋಡುತ್ತಾರೆ. ಅವುಗಳ ಸರಾಸರಿ ಬಲ ನಿಗದಿತ ಬಲದ ಶೇ. 85ಕ್ಕೆ, ಯಾವುದೇ ಒಂದರ ಬಲ ಶೇ. 75ಕ್ಕೆ ಕಡಿಮೆ ಇರಬಾರದು ಎಂಬುದು ರೂಢಿಯ ಅಳತೆ. ಹೊಸದಾಗಿ ಒಡೆದ ಮುಖಕ್ಕೆ ಫಿನಾಲ್ಫ್ತಲೀನ್ ಎಂಬ ಬಣ್ಣಸೂಚಕ ದ್ರವ ಸಿಂಪಡಿಸಿದರೆ ಕ್ಷಾರವುಳಿದ ಕಾಂಕ್ರೀಟ್ ಗುಲಾಬಿಯಾಗುತ್ತದೆ, ಇಂಗಾಲದ ಡೈಆಕ್ಸೈಡ್ ಹೊಕ್ಕ ಭಾಗ ಬಣ್ಣ ತಿರುಗುವುದಿಲ್ಲ. ಒಳಗಿನ ಉಕ್ಕಿನ ಸರಳನ್ನು ತುಕ್ಕಿನಿಂದ ಕಾಯುವುದು ಆ ಕ್ಷಾರವೇ. ಅನಿಲ ಹೊಕ್ಕ ಆಳ ಕಾಲದ ವರ್ಗಮೂಲದಂತೆ ಹೆಚ್ಚುತ್ತದೆ. ವರ್ಷಗಳ ವರ್ಗಮೂಲವನ್ನು 4 ಮಿ.ಮೀ.ಯಿಂದ ಗುಣಿಸಿದರೆ 25 ವರ್ಷಕ್ಕೆ 20 ಮಿ.ಮೀ., 50 ವರ್ಷಕ್ಕೆ ಸುಮಾರು 28 ಮಿ.ಮೀ. ಸರಳಿನ ಮೇಲಿನ ಕವರ್ (ಅದನ್ನು ಮುಚ್ಚಿದ ಕಾಂಕ್ರೀಟಿನ ದಪ್ಪ) 25 ಮಿ.ಮೀ. ಇದ್ದಲ್ಲಿ ಆಪತ್ತು ಈಗಷ್ಟೇ ಆರಂಭ, 10 ಮಿ.ಮೀ. ಇದ್ದಲ್ಲಿ ತುಕ್ಕು ಉಬ್ಬಿ ಕಾಂಕ್ರೀಟ್ ಚಕ್ಕೆ ಏಳುವುದು ಎಂದೋ ಆಗಿರುತ್ತದೆ. ತಾಮ್ರ-ತಾಮ್ರಸಲ್ಫೇಟ್ ವಿದ್ಯುದಗ್ರ ಇಟ್ಟು ಸರಳಿನ ವಿದ್ಯುತ್ ವಿಭವ ಅಳೆದಾಗ ಮೈನಸ್ 350 ಮಿಲಿವೋಲ್ಟಿಗಿಂತ ಕೆಳಗೆ ಬಂದರೆ ಸರಳು ಸಕ್ರಿಯವಾಗಿ ತುಕ್ಕು ಹಿಡಿಯುತ್ತಿರುವ ಸಾಧ್ಯತೆ ಶೇ. 90ಕ್ಕೂ ಹೆಚ್ಚು. ಕಾಂಕ್ರೀಟ್ ಬೇಗ ಗಟ್ಟಿಯಾಗಲೆಂದು ಸರಳಿಗೆ ತುಕ್ಕು ಹಿಡಿಸುವ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದ ಕಟ್ಟಡವಾದರೆ ಬರೀ ತೇಪೆ ಹಾಕುವುದರಿಂದ ಪ್ರಯೋಜನವಿಲ್ಲ. ತೇಪೆಯ ಅಂಚಿನಲ್ಲೇ ಮತ್ತೆ ತುಕ್ಕು ಶುರುವಾಗುತ್ತದೆ.

ಫಲಕದ ಕಟ್ಟಡಗಳಲ್ಲಿ ಇನ್ನೊಂದು ಕೆಲಸ ಬಿಡುವಂತಿಲ್ಲ: ಬೇರೆ ಬೇರೆ ಮಹಡಿಗಳಲ್ಲಿ ಸಂದುಗಳನ್ನು ಒಡೆದು ಒಳಗಿನ ಬಂಧಕ ಸರಳು, ಗಾರೆ ಇವೆಯೇ ಎಂದು ಕಣ್ಣಾರೆ ನೋಡುವುದು. ನಕ್ಷೆಯಲ್ಲಿ ಇದೆ ಎಂಬುದು ಸಾಕ್ಷಿಯಲ್ಲ. 2017ರಲ್ಲಿ ಲಂಡನ್ನಿನ ಲೆಡ್‌ಬರಿ ಬಡಾವಣೆಯ ನಾಲ್ಕು ಗೋಪುರಗಳಲ್ಲಿ ಇಂಥ ತಪಾಸಣೆಯ ನಂತರ ಒಕ್ಕಲು ಇರುವಾಗಲೇ ಅನಿಲ ಪೂರೈಕೆ ಕಡಿಯಬೇಕಾಯಿತು. ಸ್ಫೋಟದ ಒತ್ತಡ ತಡೆಯಲಾರದ ಕಟ್ಟಡವನ್ನು ಉಳಿಸಿ ಎಂದು ಹಟ ಹಿಡಿಯುವುದು ಯಾರಿಗೂ ಒಳಿತಲ್ಲ. ಅಂಥ ಕಟ್ಟಡ ಹೋಗಬೇಕು.

ಜರ್ಮನಿಯ ಅನುಭವ ಈ ಎರಡು ದಾರಿಗಳ ನಡುವಿನದು. ಏಕೀಕರಣದ ನಂತರ ಪೂರ್ವ ಭಾಗದಲ್ಲಿ ಸುಮಾರು 10 ಲಕ್ಷ ಮನೆ ಖಾಲಿ ಬಿದ್ದಾಗ, 2002ರಲ್ಲಿ ಶುರುವಾದ ಯೋಜನೆ ಲಕ್ಷಗಟ್ಟಲೆ ಮನೆ ಕೆಡವಿತು. ಜೊತೆಗೆ ಕೆಲವನ್ನು ಗಿಡ್ಡ ಮಾಡಿತು. ಬರ್ಲಿನ್ನಿನ ಮಾರ್ತ್ಸಾನ್‌ನಲ್ಲಿ 11 ಮಹಡಿಯ ಸಾಲುಗಳನ್ನು 3ರಿಂದ 6 ಮಹಡಿಗೆ ಇಳಿಸಿ, ಮೇಲೆ ತೆರೆದ ಅಂಗಳ ಕೊಟ್ಟರು. ಕೆಲಸ ಕಟ್ಟಿದ್ದರ ತಿರುಗುಮುರುಗು: ಸಂದು ಕೊಯ್ದು, ಫಲಕವನ್ನು ತಾತ್ಕಾಲಿಕ ಊರೆಗೋಲಿನಿಂದ ಹಿಡಿದು, ಕ್ರೇನಿಗೆ ಸಿಕ್ಕಿಸಿ ಇಳಿಸುವುದು. ಹಳೆಯ ಎತ್ತುಕೊಕ್ಕೆಗಳನ್ನು ನಂಬದೆ ಹೊಸದಾಗಿ ರಂಧ್ರ ಕೊರೆದು ಬೋಲ್ಟ್ ಹಾಕುವುದು ಒಳ್ಳೆಯದು. ಮಳೆ ಕಾಣದ ಒಳಗೋಡೆ ಮತ್ತು ನೆಲದ ಫಲಕಗಳು ಬಹುಪಾಲು ಗಟ್ಟಿಯಾಗಿಯೇ ಇರುತ್ತವೆ. ಕಾಟ್‌ಬುಸ್‌ನಲ್ಲಿ ಅಂಥ ಫಲಕಗಳಿಂದಲೇ ಹೊಸ ಮನೆಗಳನ್ನು ಕಟ್ಟಿದ್ದಾರೆ.

ಚರ್ಚೆಯ ದಿಕ್ಕು ತಿರುಗಿಸಿದ್ದು ಫ್ರಾನ್ಸ್. ಲಕಾತೊನ್ ಮತ್ತು ವಸ್ಸಾಲ್ ಎಂಬ ವಾಸ್ತುಶಿಲ್ಪಿ ಜೋಡಿ ಫ್ರೆಡೆರಿಕ್ ದ್ರುಯೊ ಜೊತೆ ಸೇರಿ 2011ರಲ್ಲಿ ಪ್ಯಾರಿಸ್ಸಿನ ಬ್ವಾ-ಲ-ಪ್ರೆತ್ರ್ ಗೋಪುರವನ್ನು, ಆಮೇಲೆ ಬೋರ್ಡೋದ ಗ್ರಾಂ ಪಾರ್ಕ್‌ನ 530 ಮನೆಗಳನ್ನು ಜನ ಒಳಗಿರುವಾಗಲೇ ಮಾರ್ಪಡಿಸಿತು. ಬೋರ್ಡೋದಲ್ಲಿ ಕಟ್ಟಡದ ಹೊರಮೈಗೆ 3.8 ಮೀಟರ್ ಆಳದ ಗಾಜಿನ ಪಡಸಾಲೆಗಳನ್ನು ಸೇರಿಸಿದರು. ಒಂದು ಮನೆಗೆ ಹಿಡಿದದ್ದು 12ರಿಂದ 16 ದಿನ: ಮೊದಲೇ ಎರಕ ಹೊಯ್ದ ಸ್ಲ್ಯಾಬ್ ಕೂರಿಸಲು ಅರ್ಧ ದಿನ, ಹಳೆಯ ಮುಂಗೋಡೆ ಕೊಯ್ಯಲು ಎರಡು ದಿನ, ಹೊಸ ಮುಖಕ್ಕೆ ಎರಡು ದಿನ, ಪಡಸಾಲೆಗೆ ನಾಲ್ಕು ದಿನ, ಬಚ್ಚಲು ಮತ್ತು ಒಳಗಿನ ಕೆಲಸಕ್ಕೆ ನಾಲ್ಕರಿಂದ ಎಂಟು ದಿನ. ಯಾರೂ ಮನೆ ಬಿಡಬೇಕಾಗಲಿಲ್ಲ. ಆದರೆ ಈ ಕಟ್ಟಡಗಳು ಖಾಲಿಯಾಗಿರಲಿಲ್ಲ, ಅವುಗಳ ನೀರು, ವಿದ್ಯುತ್, ಲಿಫ್ಟ್ ಜೀವಂತವಾಗಿದ್ದವು ಎಂಬುದನ್ನು ಅವನ್ನು ಉದಾಹರಿಸುವವರು ಮರೆಯಬಾರದು.

ನಿಜಕ್ಕೂ ಖಾಲಿ ಮಾಡಿಸಿದ ಕಟ್ಟಡಕ್ಕೆ ಕೆನಡಾದ ಹ್ಯಾಮಿಲ್ಟನ್‌ನ ಕೆನ್ ಸೋಬಲ್ ಗೋಪುರ ಹತ್ತಿರದ ಉದಾಹರಣೆ. 1967ರ, 18 ಮಹಡಿಯ, ವೃದ್ಧರ 146 ಮನೆಗಳ ಕಟ್ಟಡ. ಬೂಷ್ಟು, ಕಲ್ನಾರು ಎರಡೂ ಇದ್ದವು. ಅದನ್ನು ಚೌಕಟ್ಟಿನವರೆಗೆ ಬಿಚ್ಚಿ, ದಪ್ಪ ಶಾಖನಿರೋಧಕ ಹೊದಿಸಿ, ಪ್ರತಿ ಮನೆಗೂ ಹೊಸ ಗಾಳಿಯ ವ್ಯವಸ್ಥೆ ಕೊಟ್ಟು 2021ರಲ್ಲಿ ಮತ್ತೆ ಸರ್ಕಾರಿ ಮನೆಯಾಗಿಯೇ ತೆರೆದರು. ಆಮ್‌ಸ್ಟರ್‌ಡ್ಯಾಮಿನ ಕ್ಲೈಬರ್ಗ್‌ನ 500 ಮನೆಗಳ ಕಥೆ ಬೇರೆ. ಕಟ್ಟಡವನ್ನು ಒಂದು ಯೂರೋಗೆ ಕೊಂಡ ತಂಡ ಚೌಕಟ್ಟು, ಲಿಫ್ಟ್, ಹೊರ ಓಣಿಗಳನ್ನು ಮಾತ್ರ ಸರಿಪಡಿಸಿ, ಒಳಗಿನ ಕೆಲಸವನ್ನು ಕೊಳ್ಳುವವರಿಗೇ ಬಿಟ್ಟು ಮಾರಿತು. ಶೆಫೀಲ್ಡಿನ ಪಾರ್ಕ್ ಹಿಲ್ ಕೂಡ ಚೆನ್ನಾಗಿ ಉಳಿಯಿತು, ಮನೆಗಳ ದೊಡ್ಡ ಪಾಲು ಮಾರುಕಟ್ಟೆಗೆ ಹೋಯಿತು. ಗೋಡೆ ಉಳಿದರೂ ಬಾಡಿಗೆ ಯಾರ ಕೈಗೆಟುಕುತ್ತದೆ ಎಂಬುದನ್ನು ಕರಾರಿನಲ್ಲಿ ಬರೆಯದಿದ್ದರೆ ಬಡ ಒಕ್ಕಲುಗಳ ಪಾಲಿಗೆ ಅದು ಕೆಡವಿದಂತೆಯೇ.

ಹೊರಗೋಡೆಗೆ ಹಾಕುವ ಹೊದಿಕೆಯ ವಿಷಯದಲ್ಲಿ ರಾಜಿ ಸಲ್ಲದು. ಲಂಡನ್ನಿನ 24 ಮಹಡಿಯ ಗ್ರೆನ್‌ಫೆಲ್ ಗೋಪುರದ ನವೀಕರಣ ಮುಗಿದದ್ದು 2016ರಲ್ಲಿ. 2017ರ ಜೂನ್ 14ರ ಬೆಂಕಿಯಲ್ಲಿ 72 ಜನ ಸತ್ತರು. ಪಾಲಿಥಿಲೀನ್ ತಿರುಳಿನ ಅಲ್ಯೂಮಿನಿಯಂ ಹಾಳೆಗಳ ಮೂಲಕ ಬೆಂಕಿ ಹೊರಮೈ ಏರಿತ್ತು. ಉರಿಯದ ಖನಿಜ ಉಣ್ಣೆ, ಪ್ರತಿ ಮಹಡಿಯಲ್ಲೂ ಹೊದಿಕೆಯ ಹಿಂದಿನ ಪೊಳ್ಳಿಗೆ ಅಗ್ನಿತಡೆ, ಇವೆರಡನ್ನು ಖರ್ಚು ಕಡಿತದ ಪಟ್ಟಿಗೆ ಸೇರಿಸಲೇಬಾರದು.

ತೆರಿಗೆಯೂ ಸದ್ದಿಲ್ಲದೆ ಒಂದು ಕಡೆ ವಾಲುತ್ತದೆ. ಬ್ರಿಟನ್ನಿನಲ್ಲಿ ಹೊಸ ಮನೆ ಕಟ್ಟಲು ಮೌಲ್ಯವರ್ಧಿತ ತೆರಿಗೆ ಸೊನ್ನೆ, ಇರುವ ಮನೆಯ ದುರಸ್ತಿಗೆ ಸಾಮಾನ್ಯವಾಗಿ ಶೇ. 20. ಎರಡು ವರ್ಷ ಖಾಲಿ ಬಿದ್ದಿದ್ದರೆ ಶೇ. 5. ಖಾಲಿ ಬಿಟ್ಟು ಕಾಯುವವರಿಗೆ ರಿಯಾಯಿತಿ, ಸಕಾಲಕ್ಕೆ ರಿಪೇರಿ ಮಾಡುವವರಿಗೆ ಪೂರ್ತಿ ದರ.

ತೀರ್ಮಾನಕ್ಕೆ ಐದಾರು ವರ್ಷ ಹಿಡಿಯುವುದು ಸಾಮಾನ್ಯ, ಅಷ್ಟರಲ್ಲಿ ನೀರೇ ತೀರ್ಪು ಬರೆದುಬಿಡಬಹುದು. ಆದ್ದರಿಂದ ಕೊನೆಯ ಒಕ್ಕಲು ಹೊರಟ ವಾರದಲ್ಲೇ ಆಗಬೇಕಾದ ಕೆಲಸಗಳಿವೆ. ಕುಡಿಯುವ ನೀರಿನ ಮತ್ತು ಬಿಸಿನೀರಿನ ಕೊಳವೆಗಳನ್ನು ಪೂರ್ತಿ ಬರಿದು ಮಾಡಬೇಕು, ಹಿಮ ಬೀಳುವ ಊರಿನಲ್ಲಂತೂ ಒಂದು ರಾತ್ರಿ ತಡವಾದರೂ ಕೊಳವೆ ಸೀಳುತ್ತದೆ. ಅನಿಲವನ್ನು ರಸ್ತೆಯ ಸಂಪರ್ಕದಲ್ಲೇ ಕಡಿಯಬೇಕು. ಕೆಳಗಿನ ಎರಡು ಮಹಡಿಗಳಿಗೆ ತೂತಿರುವ ಉಕ್ಕಿನ ತಗಡು ಬಡಿಯಬೇಕು, ಪೂರ್ತಿ ಮುಚ್ಚಿದರೆ ಗಾಳಿಯಾಡದೆ ಬೂಷ್ಟು ಹಿಡಿಯುತ್ತದೆ. ಮೇಲಿನ ಕಿಟಕಿಗಳಲ್ಲಿ ಬಲೆ ಹಾಕಿ ಪಾರಿವಾಳ ತಡೆಯಬೇಕು. ಅಗ್ನಿಶಾಮಕದವರ ಒಣ ಕೊಳವೆ (ಬೆಂಕಿ ಬಿದ್ದಾಗ ಮೇಲಕ್ಕೆ ನೀರು ಏರಿಸುವ ಖಾಲಿ ಪೈಪು) ಮತ್ತು ಮೆಟ್ಟಿಲ ದೀಪಗಳನ್ನು ಚಾಲ್ತಿಯಲ್ಲಿಡಬೇಕು. ತಾರಸಿಯ ನೀರು ಇಳಿಯುವ ಬಾಯಿಗಳನ್ನು ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಶುಚಿ ಮಾಡಬೇಕು. ಯಾವ ಮಹಡಿಯಲ್ಲಿ ಎಲ್ಲಿ ತೇವ ಕಂಡಿತು ಎಂಬುದನ್ನು ಪ್ರತಿ ಸುತ್ತಿನಲ್ಲೂ ದಿನಾಂಕದೊಂದಿಗೆ ಬರೆದಿಡಬೇಕು. ಮುಂದೆ ತಪಾಸಣೆಗೆ ಬರುವ ಎಂಜಿನಿಯರ್ ಮೊದಲು ಕೇಳುವುದು ಆ ಪುಸ್ತಕವನ್ನೇ.