ಮೂಲೆಯಲ್ಲಿ ಕೂತ ಹಸಿರು ಆಮೆ

ಎಂಜಿನಿಯರಿಂಗ್ ಓದುತ್ತಿರುವ ಹುಡುಗನೊಬ್ಬ ಲ್ಯಾಪ್‌ಟಾಪ್ ತಂದು ನನ್ನ ಮೇಜಿನ ಮೇಲಿಟ್ಟ. ವಿಂಡೋಸ್‌ ಮೇಲೆ ವರ್ಚುವಲ್‌ಬಾಕ್ಸ್, ಅಂದರೆ ಯಂತ್ರದೊಳಗೇ ಇನ್ನೊಂದು ವರ್ಚುವಲ್ (ನಕಲಿ) ಯಂತ್ರ ನಡೆಸುವ ತಂತ್ರಾಂಶ; ಅದರೊಳಗೆ ಉಬುಂಟು ಎಂಬ ಲಿನಕ್ಸ್. "ಸರ್, ಇರುವುದನ್ನೆಲ್ಲ ಅದಕ್ಕೇ ಕೊಟ್ಟಿದ್ದೇನೆ, ಆದರೂ ತೆವಳುತ್ತದೆ" ಎಂದ. ಕೊಟ್ಟದ್ದೇ ಹೆಚ್ಚಾಗಿತ್ತು.

ಲ್ಯಾಪ್‌ಟಾಪಿನಲ್ಲಿದ್ದುದು 8 ಜಿಬಿ ರ‍್ಯಾಮ್. ಅದರಲ್ಲಿ 6 ಜಿಬಿಯನ್ನು ಉಬುಂಟುವಿಗೆ ಬರೆದುಕೊಟ್ಟಿದ್ದ. ಉಳಿದ ಎರಡರಲ್ಲಿ ವಿಂಡೋಸ್ ಸಂಸಾರ ಸಾಗಿಸಬೇಕು. ಸಾಗದಾದಾಗ ಅದು ರ‍್ಯಾಮ್‌ನಲ್ಲಿರುವುದನ್ನು ಡಿಸ್ಕಿಗೆ ಎತ್ತಿಹಾಕತೊಡಗುತ್ತದೆ. ಆ ಡಿಸ್ಕಿನಿಂದಲೇ ಉಬುಂಟುವೂ ಓದುತ್ತಿರುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದರೆ ಡಿಸ್ಕ್ ಬಳಕೆ ನೂರಕ್ಕೆ ನೂರು. ನಾನು 3 ಜಿಬಿಗೆ ಇಳಿಸಿದೆ, ಒಳಗೆ ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಹಾಕಿಸಿದೆ. ಪ್ರೊಸೆಸರ್‌ ವಿಷಯದಲ್ಲೂ ಇದೇ ಕಥೆ: ನಾಲ್ಕು ಕೋರ್‌ಗಳ ಯಂತ್ರದಲ್ಲಿ ನಾಲ್ಕನ್ನೂ ಕೊಟ್ಟಿದ್ದ. ಎರಡು ಸಾಕು.

ಇಷ್ಟಾದರೂ ನಿಧಾನ ಪೂರ್ತಿ ಹೋಗಲಿಲ್ಲ. ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳಗಿನ ಬಲ ಮೂಲೆಯಲ್ಲಿ ಪುಟ್ಟ ಹಸಿರು ಆಮೆಯೊಂದು ಕೂತಿತ್ತು. ಅದು ಅಲಂಕಾರವಲ್ಲ. ಪ್ರೊಸೆಸರ್‌ನ ವರ್ಚುವಲೈಸೇಷನ್ (ಇಂಥ ಯಂತ್ರಗಳನ್ನು ವೇಗವಾಗಿ ನಡೆಸುವ) ಸೌಲಭ್ಯವನ್ನು ವಿಂಡೋಸ್‌ನ ಸ್ವಂತ ವರ್ಚುವಲ್ ಯಂತ್ರ ವ್ಯವಸ್ಥೆಯಾದ ಹೈಪರ್-ವಿ ಮೊದಲೇ ಹಿಡಿದುಕೊಂಡಿದೆ, ವರ್ಚುವಲ್‌ಬಾಕ್ಸ್ ಅದರ ಮೂಲಕ ಸುತ್ತುದಾರಿಯಲ್ಲಿ ಹೋಗುತ್ತಿದೆ ಎಂದು ಅದರ ಅರ್ಥ.

ಇಂಥ ದೂರಿಗೆ ಎಲ್ಲರೂ ಕಣ್ಣುಮುಚ್ಚಿ ಕೊಡುವ ಸಲಹೆ, "ಬಯಾಸ್‌ಗೆ ಹೋಗಿ ವಿಟಿ-ಎಕ್ಸ್ ಆನ್ ಮಾಡು" ಎಂಬುದು. ಬಯಾಸ್ ಎಂದರೆ ಲ್ಯಾಪ್‌ಟಾಪ್ ಏಳುವಾಗ ವಿಂಡೋಸ್‌ಗಿಂತ ಮೊದಲು ಓಡುವ ವ್ಯವಸ್ಥೆ; ವಿಟಿ-ಎಕ್ಸ್ ಎಂಬುದು ಇಂಟೆಲ್ ಪ್ರೊಸೆಸರ್‌ಗಳಲ್ಲಿ ಆ ವರ್ಚುವಲೈಸೇಷನ್ ಸೌಲಭ್ಯದ ಹೆಸರು. 2019ರ ಡಿಸೆಂಬರ್‌ನಲ್ಲಿ ಬಂದ ವರ್ಚುವಲ್‌ಬಾಕ್ಸ್ 6.1ರಿಂದ ಈಚೆಗೆ ಆ ಸೌಲಭ್ಯವಿಲ್ಲದೆ ವರ್ಚುವಲ್ ಯಂತ್ರ ಏಳುವುದೇ ಇಲ್ಲ. ಎದ್ದು ತೆವಳುತ್ತಿದೆ ಎಂದರೆ ತೊಂದರೆ ಬಯಾಸ್‌ನಲ್ಲಿಲ್ಲ.

ಹೈಪರ್-ವಿಯನ್ನು ಎಬ್ಬಿಸಿದವರು ಯಾರು? ವಿಂಡೋಸ್ ಒಳಗೇ ಲಿನಕ್ಸ್ ನಡೆಸುವ ಡಬ್ಲ್ಯುಎಸ್‌ಎಲ್ 2 ಇರಬಹುದು, ತಂತ್ರಾಂಶಗಳನ್ನು ಬೇರೆಬೇರೆ ಡಬ್ಬಿಗಳಲ್ಲಿಟ್ಟು ಓಡಿಸುವ ಡಾಕರ್ ಇರಬಹುದು, ವಿಂಡೋಸ್ ಸೆಕ್ಯುರಿಟಿಯ ಮೆಮೊರಿ ಇಂಟೆಗ್ರಿಟಿ ಇರಬಹುದು. ಕೊನೆಯದು ಹೊಸ ವಿಂಡೋಸ್ 11 ಯಂತ್ರಗಳಲ್ಲಿ ಸಾಮಾನ್ಯವಾಗಿ ತಾನಾಗಿಯೇ ಆನ್ ಇರುತ್ತದೆ. ಅದು ರಕ್ಷಣೆಗೆಂದೇ ಇರುವುದರಿಂದ ಬ್ಯಾಂಕ್ ವ್ಯವಹಾರ ನಡೆಯುವ ಮನೆಯ ಕಂಪ್ಯೂಟರಿನಲ್ಲಿ ನಾನು ಅದನ್ನು ಮುಟ್ಟುವುದಿಲ್ಲ. ಹುಡುಗನ ಯಂತ್ರದಲ್ಲಿ ಅದು ಆಫ್ ಆಗಿತ್ತು. ಹಿಂದಿನ ಸೆಮಿಸ್ಟರ್‌ನ ಲ್ಯಾಬ್‌ಗೆಂದು ಡಾಕರ್ ಹಾಕಿ ಮರೆತಿದ್ದ. ಅದನ್ನು ತೆಗೆದು, ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ವರ್ಚುವಲ್ ಮಷೀನ್ ಪ್ಲಾಟ್‌ಫಾರ್ಮ್ ಮತ್ತು ಹೈಪರ್-ವಿ ಗುರುತುಗಳನ್ನು ಅಳಿಸಿ, ಯಂತ್ರವನ್ನು ಮತ್ತೆ ಚಾಲು ಮಾಡಿದೆವು. ಆಮೆ ಹೋಯಿತು. ಡಾಕರ್ ನಿತ್ಯವೂ ಬೇಕೆನ್ನುವವರು ವರ್ಚುವಲ್‌ಬಾಕ್ಸ್‌ ಜೊತೆ ಗುದ್ದಾಡುವ ಬದಲು ಹೈಪರ್-ವಿಯಲ್ಲೇ ಲಿನಕ್ಸ್ ನಡೆಸುವುದು ಲೇಸು.

ಉಬುಂಟುವಿನೊಳಗೆ ವರ್ಚುವಲ್‌ಬಾಕ್ಸ್‌ನ ಪೂರಕ ತಂತ್ರಾಂಶವಾದ ಗೆಸ್ಟ್ ಅಡಿಷನ್ಸ್ ಹಾಕಿರಲಿಲ್ಲ, ಹಾಕಿದೆ, ಪರದೆ ನಯವಾಯಿತು.

ಉಳಿದದ್ದು ಡಿಸ್ಕ್. ತಿರುಗುವ ಹಳೆಯ ಹಾರ್ಡ್ ಡಿಸ್ಕಿನ ಮೇಲೆ ಎರಡು ಆಪರೇಟಿಂಗ್ ಸಿಸ್ಟಮ್‌ಗಳು ಒಟ್ಟಿಗೆ ಓಡುವುದೆಂದರೆ ಒಂದೇ ಬಾವಿಗೆ ಎರಡು ಕೊಡ ಇಳಿಬಿಟ್ಟಂತೆ. ಎಸ್‌ಎಸ್‌ಡಿಗೆ ಹಣ ಕೂಡಿಸು ಎಂದೆ. ರ‍್ಯಾಮ್‌ಗಿಂತ ಮೊದಲು ಅದನ್ನೇ ಕೊಳ್ಳಲು ಹೇಳುತ್ತೇನೆ. ಅಲ್ಲಿಯವರೆಗೆ ಕೈಗೆಟುಕುವ ದಾರಿ ಸ್ನ್ಯಾಪ್‌ಶಾಟ್‌ಗಳನ್ನು, ಅಂದರೆ ಬೇಕಾದಾಗ ಮರಳಲೆಂದು ಉಳಿಸಿಟ್ಟ ವರ್ಚುವಲ್ ಯಂತ್ರದ ಹಳೆಯ ಸ್ಥಿತಿಗಳನ್ನು, ಅಳಿಸುವುದು. ಪ್ರತಿ ಸ್ನ್ಯಾಪ್‌ಶಾಟ್ ಆದಮೇಲೆ ಹೊಸ ಬರವಣಿಗೆ ಹೊಸ ಕಡತಕ್ಕೆ ಹೋಗುತ್ತದೆ. ಓದುವಾಗ ಆ ಸರಪಳಿಯನ್ನೆಲ್ಲ ತಡಕಬೇಕು. ಹುಡುಗ ಹನ್ನೊಂದು ಇಟ್ಟುಕೊಂಡಿದ್ದ. ಜಾಗ ತುಂಬಿದೆಯೆಂದು ಅವುಗಳ ಕಡತಗಳನ್ನು ಫೋಲ್ಡರಿನಿಂದ ನೇರವಾಗಿ ಅಳಿಸಿದರೆ ಇಡೀ ವರ್ಚುವಲ್ ಯಂತ್ರವೇ ಕೈತಪ್ಪುತ್ತದೆ, ವರ್ಚುವಲ್‌ಬಾಕ್ಸ್ ಒಳಗಿಂದಲೇ ಅಳಿಸಬೇಕು. ಆಗ ಅದು ಒಂದೊಂದನ್ನೇ ಬೆಸೆಯುತ್ತ ಹೋಗುತ್ತದೆ. ಹನ್ನೊಂದನೆಯದು ಮುಗಿಯುವಷ್ಟರಲ್ಲಿ ನಾವು ಎರಡು ಸಲ ಚಹಾ ಕುಡಿದು ಬಂದಿದ್ದೆವು.