ರೇಡಿಯಸ್ ಸರ್ಚ್: ಇಷ್ಟು ಕಿಲೋಮೀಟರ್ ಒಳಗೆ ಏನೇನಿದೆ?

ಮಡಿಕೇರಿಯಲ್ಲಿ ನಿಂತು ಮೊಬೈಲ್‌ನಲ್ಲಿ 'ಹತ್ತಿರದ ಹೋಂಸ್ಟೇ' ಅಂತ ಹುಡುಕುತ್ತೀರಿ. ಆಗ ಆ್ಯಪ್ ತನ್ನ ಡೇಟಾಬೇಸನ್ನು ಕೇಳುವುದು ಇಷ್ಟೇ: ಈ ಜಾಗದಿಂದ 22 ಕಿ.ಮೀ. ಒಳಗಿರುವುದನ್ನೆಲ್ಲ ಕೊಡು. (22 ಸುಮ್ನೆ ಉದಾಹರಣೆಗೆ.) ಇದೇ ರೇಡಿಯಸ್ ಸರ್ಚ್.

ಇದಕ್ಕೆ ಊರಿನ ಹೆಸರು ಬೇಕಿಲ್ಲ. ಪ್ರತಿ ಹೋಂಸ್ಟೇಯ ಅಕ್ಷಾಂಶ, ರೇಖಾಂಶ ಇದ್ದರೆ ಸಾಕು. ಮಡಿಕೇರಿಯದು ಸುಮಾರು 12.42, 75.74. ಭೂಮಿ ಗುಂಡಗಿದೆ ಅಲ್ವಾ, ಹಾಗಾಗಿ ಸ್ಕೇಲ್ ಇಟ್ಟು ಅಳೆದರೆ ಆಗುವುದಿಲ್ಲ. ಭೂಮಿಯ ತ್ರಿಜ್ಯ 6371 ಕಿ.ಮೀ. ಎಂದಿಟ್ಟುಕೊಂಡು ಹ್ಯಾವರ್ಸೈನ್ ಸೂತ್ರದಿಂದ ದೂರ ತೆಗೆಯುತ್ತಾರೆ. ಡೇಟಾಬೇಸಿನ ಒಂದೊಂದು ಸಾಲಿಗೂ, ಅಂದರೆ ಒಂದೊಂದು ಹೋಂಸ್ಟೇಗೂ, ಸೈನ್, ಕೊಸೈನ್ ಲೆಕ್ಕ. ಲಕ್ಷಗಟ್ಟಲೆ ಸಾಲುಗಳಿದ್ದರೆ ಸರ್ವರ್ ಸುಸ್ತಾಗುತ್ತದೆ.

ಅದಕ್ಕೇ ಮೊದಲು ಒಂದು ಚೌಕ ಹಾಕುವುದು. 1 ಡಿಗ್ರಿ ಅಕ್ಷಾಂಶ ಅಂದರೆ ಸುಮಾರು 111 ಕಿ.ಮೀ. ರೇಖಾಂಶದ ಡಿಗ್ರಿ ಧ್ರುವದ ಕಡೆ ಹೋದಷ್ಟೂ ಕಿರಿದಾಗುತ್ತದೆ. ನಮ್ಮ ಕೊಡಗಿನಲ್ಲಿ ಸುಮಾರು 108.7 ಕಿ.ಮೀ. ಈ ಲೆಕ್ಕದಲ್ಲಿ ಅಕ್ಷಾಂಶ 12.22ರಿಂದ 12.62, ರೇಖಾಂಶ 75.537ರಿಂದ 75.943ರ ಒಳಗಿರುವುದನ್ನು ಮಾತ್ರ ಉಳಿಸಿಕೊಂಡರೆ ಸಾಕು. ಬರೀ ದೊಡ್ಡದೋ ಚಿಕ್ಕದೋ ಅನ್ನುವ ಹೋಲಿಕೆ, ಇಂಡೆಕ್ಸ್ (ಬೇಗ ಹುಡುಕಲು ಮೊದಲೇ ಜೋಡಿಸಿಟ್ಟ ಸೂಚಿ) ಇದ್ದರೆ ಥಟ್ಟನೆ ಮುಗಿಯುತ್ತದೆ. ವಿರಾಜಪೇಟೆ, ಕುಶಾಲನಗರ ಇಲ್ಲೇ ಹೊರಬೀಳುತ್ತವೆ. ಸೋಮವಾರಪೇಟೆ ಮಾತ್ರ ಈಶಾನ್ಯದ ಮೂಲೆಯಲ್ಲಿ ನುಸುಳಿಕೊಳ್ಳುತ್ತದೆ. ಯಾಕೆಂದರೆ ಚೌಕದ ಮೂಲೆ ನಡುವಿನಿಂದ 22 ಅಲ್ಲ, 31 ಕಿ.ಮೀ. ದೂರ! ಉಳಿದವಕ್ಕೆ ಸರಿಯಾದ ಸೂತ್ರ ಹಚ್ಚಿದಾಗ ಸೋಮವಾರಪೇಟೆ ಸುಮಾರು 23 ಕಿ.ಮೀ. ಎಂದು ಗೊತ್ತಾಗಿ ಅದೂ ಔಟ್.

ಪೋಸ್ಟ್‌ಜಿಐಎಸ್ (ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ನಕ್ಷೆಯ ಲೆಕ್ಕ ಕಲಿಸುವ ಸಾಫ್ಟ್‌ವೇರ್) ಬಳಸುವವರಿಗೆ ಈ ಎರಡೂ ಕೆಲಸವನ್ನು ಎಸ್‌ಟಿ_ಡಿವಿದಿನ್ (ST_DWithin) ಅನ್ನುವ ಫಂಕ್ಷನ್ ಒಂದೇ ಮಾಡಿಕೊಡುತ್ತದೆ. ಸ್ಪೇಷಿಯಲ್ ಇಂಡೆಕ್ಸ್ ಹಾಕಿರಬೇಕು, ಅಷ್ಟೆ. ಜಾಗವನ್ನು ಇಟ್ಟಿರುವ ಕಾಲಂ ಜಿಯಾಗ್ರಫಿ ಮಾದರಿಯದಾದರೆ (ಅಂದರೆ ಭೂಮಿ ಗುಂಡಗಿದೆ ಎಂದೇ ಲೆಕ್ಕ ಹಾಕುವ ಬಗೆ) ದೂರವನ್ನು ಮೀಟರ್‌ನಲ್ಲಿ ಕೊಡಬೇಕು: 22 ಅಲ್ಲ, 22000. ಇನ್ನೊಂದು ವಿಷಯ, ಅಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಅದಲು ಬದಲಾದರೆ ಮಡಿಕೇರಿ ನಾರ್ವೆಗೂ ಉತ್ತರದ ಕೊರೆಯುವ ಸಮುದ್ರದಲ್ಲಿ ಹೋಗಿ ಬೀಳುತ್ತದೆ. ಎರರ್ ಬರುವುದಿಲ್ಲ, ಪಟ್ಟಿ ಖಾಲಿ ಬರುತ್ತದೆ. ಹುಡುಕಿ ಹುಡುಕಿ ತಲೆ ಕೆಡುವುದು ಅದಕ್ಕೇ.

ಕೊಡಗಿನವರು ಕೇಳಲೇಬೇಕಾದ ಪ್ರಶ್ನೆ ಬೇರೆ ಇದೆ: ರಸ್ತೆಯಲ್ಲಿ ಎಷ್ಟು ದೂರ? ಇದೆಲ್ಲ ನೆಟ್ಟಗೆ ಗೆರೆ ಎಳೆದ ದೂರ. 22ರ ಬದಲು 25 ಕಿ.ಮೀ. ಕೊಟ್ಟರೆ ಸೋಮವಾರಪೇಟೆ ಪಟ್ಟಿಗೆ ಬಂದುಬಿಡುತ್ತದೆ, ಆದರೆ ರಸ್ತೆಯಲ್ಲಿ ಅದು ಸುಮಾರು 40 ಕಿ.ಮೀ. ಬೆಟ್ಟ, ತಿರುವು ಯಾವುದೂ ಈ ಲೆಕ್ಕಕ್ಕೆ ಗೊತ್ತಿಲ್ಲ. ರಸ್ತೆಯ ದೂರ ಬೇಕಾದರೆ ಪಿಜಿರೌಟಿಂಗ್‌ನಂಥ ಬೇರೆ ಸಾಧನವೂ ರಸ್ತೆಗಳ ಡೇಟಾವೂ ಬೇಕು. ಆ ಕೆಲಸ ಭಾರಿ ನಿಧಾನ. ಹಾಗಾಗಿ ರೇಡಿಯಸ್ ಸರ್ಚ್‌ನಲ್ಲಿ ಸೋಸಿ ಉಳಿದ ಹತ್ತಿಪ್ಪತ್ತು ಹೋಂಸ್ಟೇಗಳಿಗೆ ಮಾತ್ರ ಅದನ್ನು ಮಾಡಿಸುವುದು ವಾಸಿ.