ಕೆಟ್ಟಿರುವುದು ಮೆಷಿನ್ ಅಲ್ಲ, ಟ್ರಾನ್ಸ್‌ಡ್ಯೂಸರ್ ಕೂತ ಜಾಗ

ಮಳೆಗಾಲದ ರಜೆ ಮುಗಿದು ದೋಣಿಗಳು ಕಡಲಿಗಿಳಿದ ಎರಡು ಮೂರು ವಾರಕ್ಕೆ ಅದೇ ಹಳೆಯ ದೂರು ಬರುತ್ತದೆ. "ನಿಂತಲ್ಲಿ ತಳ ಚೆಂದ ಕಾಣ್ತದೆ ಮಾರಾಯ್ರೆ, ಓಡಿಸಿದ ಕೂಡ್ಲೆ ಪರದೆ ತುಂಬ ಕಸ. ಮೆಷಿನ್ ಹೋಯ್ತಾ?" ಹೋಗಿಲ್ಲ. ಅದನ್ನು ಬಿಚ್ಚಿ ಟವೆಲಿನಲ್ಲಿ ಸುತ್ತಿ ರಿಪೇರಿಗೆ ತರುವ ಮೊದಲು ದಯವಿಟ್ಟು ಇದನ್ನು ಓದಿ. ಶಬ್ದದ ಮರುದನಿಯಿಂದ ತಳವನ್ನೂ ಮೀನನ್ನೂ ಪರದೆಯಲ್ಲಿ ತೋರಿಸುವ ಈ ಫಿಶ್ ಫೈಂಡರ್ ನಿಂತಾಗ ಆಳ ಸರಿಯಾಗಿ ತೋರಿಸಿ, ಓಡುವಾಗ ಮಾತ್ರ ಕೆಟ್ಟುಹೋಗುವುದು ತೀರಾ ಅಪರೂಪ. ಓಡುವಾಗ ಬದಲಾಗುವುದು ಟ್ರಾನ್ಸ್‌ಡ್ಯೂಸರಿನ, ಅಂದರೆ ನೀರಿಗೆ ಶಬ್ದ ಬಿಟ್ಟು ಮರುದನಿ ಕೇಳುವ ಭಾಗದ, ಮುಖಕ್ಕೆ ತಾಗುವ ನೀರು.

ಶಬ್ದ ಸಮುದ್ರದ ನೀರಿನಲ್ಲಿ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. 20 ಮೀಟರ್ ಆಳಕ್ಕೆ ಹೋಗಿ ಬರಲು ಅದಕ್ಕೆ ಸೆಕೆಂಡಿನ ಹೆಚ್ಚುಕಡಿಮೆ ನಲವತ್ತರಲ್ಲೊಂದು ಭಾಗ ಸಾಕು. ಆದರೆ ನೀರಿನಿಂದ ಗಾಳಿಗೆ ಅದು ದಾಟಲಾರದು, ಗಡಿಯಲ್ಲೇ ಹೆಚ್ಚುಕಡಿಮೆ ಪೂರ್ತಿ ವಾಪಸಾಗುತ್ತದೆ. ಟ್ರಾನ್ಸ್‌ಡ್ಯೂಸರ್ ಕೆಳಗೆ ಬೆರಳು ದಪ್ಪದ ನೊರೆ ಹರಿದರೂ ಶಬ್ದಕ್ಕೆ ಅದು ಗೋಡೆ. ಮೇಲಿನದು ಐದು ಇಂಚಿನ ಪರದೆಯಾದರೂ ಹನ್ನೆರಡು ಇಂಚಿನದಾದರೂ ಆ ಗೋಡೆಯಾಚೆಯದು ಯಾವುದಕ್ಕೂ ಕಾಣುವುದಿಲ್ಲ. ಮೀನು ಕಾಣುವುದೂ ಇದೇ ಗುಣದಿಂದ. ಭೂತಾಯಿ ಮೀನಿನ ಹೊಟ್ಟೆಯಲ್ಲಿರುವ ಗಾಳಿಚೀಲಕ್ಕೆ ಶಬ್ದ ಬಡಿದು ಜೋರಾಗಿ ತಿರುಗಿ ಬರುತ್ತದೆ, ಗುಂಪು ಗಾಢವಾಗಿ ಮೂಡುತ್ತದೆ. ಅಂಜಲ್ ಮೀನಿಗೆ ಗಾಳಿಚೀಲವಿಲ್ಲ, ಬೊಂಡಾಸಕ್ಕೂ (ಸ್ಕ್ವಿಡ್) ಇಲ್ಲ. ಅವು ಮಸುಕಾಗಿಯೇ ಕಾಣುತ್ತವೆ. ಅದಕ್ಕೆ ಮೆಷಿನನ್ನು ಬೈದು ಪ್ರಯೋಜನವಿಲ್ಲ.

ಹಾಗಾದರೆ ನೊರೆ ಎಲ್ಲಿಂದ ಬರುತ್ತದೆ? ಪ್ರೊಪೆಲ್ಲರಿನಿಂದ ಬರುತ್ತದೆಂದು ಎಲ್ಲರಿಗೂ ಗೊತ್ತು. ದೋಣಿಯ ತಳದಲ್ಲಿ ಉದ್ದಕ್ಕೆ ಓಡುವ ಪಟ್ಟಿ, ಕೀಲ್, ಮೊಳೆಯ ತಲೆ, ನೀರು ಬಿಡುವ ತೂತು, ಹೋದ ವರ್ಷ ತೇಪೆ ಹಾಕಿದ ಫೈಬರ್ ಉಬ್ಬು, ಇವೂ ತಮ್ಮ ಹಿಂದೆ ಗುಳ್ಳೆಯ ಸಾಲು ಎಳೆಯುತ್ತವೆ ಎಂಬುದನ್ನು ಮಾತ್ರ ಮರೆಯುತ್ತಾರೆ. ಆ ಸಾಲಿನ ನೇರಕ್ಕೆ ಟ್ರಾನ್ಸ್‌ಡ್ಯೂಸರ್ ಕೂರಿಸಿದರೆ ಓಟದಲ್ಲಿ ಅದು ಕುರುಡು. ಸ್ಕ್ರೂ ಹೊಡೆಯಲು ಸುಲಭವಾದ ಜಾಗ ಅಂತ ಫಿಟ್ ಮಾಡಿದವರು ನೂರಾರು ಜನ.

ಜಾಗ ಹುಡುಕುವುದು ಕಷ್ಟವಲ್ಲ. ಇನ್ನೊಬ್ಬರು ದೋಣಿ ನಡೆಸಲಿ. ನೀವು ಲೈಫ್ ಜಾಕೆಟ್ ಹಾಕಿಕೊಂಡು, ಮೀನು ಹುಡುಕುವಾಗಿನ ವೇಗದಲ್ಲೇ, ಹಿಂಬದಿ ಹಲಗೆಯ ಮೇಲಿಂದ ನೀರನ್ನು ನೋಡಿ. ಎಲ್ಲಿ ನೀರು ತಳವನ್ನು ಬಿಟ್ಟು ಗಾಜಿನ ಹಾಗೆ ನುಣ್ಣಗೆ ಹೊರಬರುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಹಿಂಬದಿಗೆ ತಗುಲಿಸುವ ಎಂಜಿನ್ (ಔಟ್‌ಬೋರ್ಡ್) ಒಂದೇ ಇದ್ದರೆ ಸಾಮಾನ್ಯವಾಗಿ ಅದು ಬಲಬದಿ. ಹಿಂದಿನಿಂದ ನೋಡಿದಾಗ ಹೆಚ್ಚಿನ ಪ್ರೊಪೆಲ್ಲರುಗಳು ಗಡಿಯಾರದ ಮುಳ್ಳಿನಂತೆ ತಿರುಗುತ್ತವೆ, ಬಲಬದಿಯಲ್ಲಿ ಎಲೆಗಳು ಕೆಳಕ್ಕಿಳಿಯುತ್ತವೆ, ಅಲ್ಲಿ ಕಲಕಾಟ ಕಡಿಮೆ. ನಿಮ್ಮದು ಎಡಕ್ಕೆ ತಿರುಗುವುದಾದರೆ ಲೆಕ್ಕವೂ ತಿರುಗಿತು. ಪ್ರೊಪೆಲ್ಲರಿನಿಂದ ಕಡಿಮೆಯೆಂದರೆ 40 ಸೆಂಟಿಮೀಟರ್ ದೂರವಿರಲಿ.

ಎತ್ತರದಲ್ಲಿ ಇನ್ನೂ ಹೆಚ್ಚಿನ ತಪ್ಪಾಗುತ್ತದೆ. ಫೈಬರ್ ದೋಣಿಯಲ್ಲಿ ಟ್ರಾನ್ಸ್‌ಡ್ಯೂಸರಿನ ಅಡಿ ದೋಣಿಯ ತಳಕ್ಕಿಂತ ಸುಮಾರು 3 ಮಿಲಿಮೀಟರ್ ಕೆಳಗಿರಬೇಕು. ಒಂದು ಇಂಚು ಇಳಿಸಿದರೆ ಹೆಚ್ಚು ಕಾಣುತ್ತದೆಂಬ ನಂಬಿಕೆ ಬಿಡಿ. ಆಗ ಟ್ರಾನ್ಸ್‌ಡ್ಯೂಸರೇ ನೀರನ್ನು ಸೀಳಿ ಪಿಚಕಾರಿ ಎಬ್ಬಿಸುತ್ತದೆ, ತನ್ನ ನೊರೆ ತಾನೇ ಮಾಡಿಕೊಳ್ಳುತ್ತದೆ. ಅದರ ಮೂಗು (ಮುಂದಿನ ತುದಿ) ಕೆಳಗಾಗಿ ಬಾಲ ಮೇಲಾಗಿದ್ದರೆ ಅಡಿಗೆ ಗಾಳಿ ಸೇರುತ್ತದೆ. ತಳಕ್ಕೆ ಸಮನಾಗಿ, ಅಥವಾ ಬಾಲ ಕೂದಲೆಳೆಯಷ್ಟು ಇಳಿದಿರಲಿ. ಓಡಿಸಿ ನೋಡಿ ಮೂರು ಮೂರು ಮಿಲಿಮೀಟರಿನಂತೆ ಸರಿಪಡಿಸಿಕೊಳ್ಳಿ. ಪ್ರತಿ ಸಲ ದೋಣಿಗೆ ಹೊಸ ತೂತು ಕೊರೆಯಬೇಡಿ. ಅಂಗೈ ಅಗಲದ, ಫೈಬರ್ ಹೊದಿಸಿದ ಹಲಗೆಯ ತುಂಡನ್ನು ಹಿಂಬದಿಗೆ ಒಮ್ಮೆ ಭದ್ರವಾಗಿ ಕೂರಿಸಿ, ಮುಂದಿನ ಸ್ಕ್ರೂಗಳೆಲ್ಲ ಅದರ ಮೇಲೆ ಬರಲಿ.

ಮರಳಿನ ಮೇಲೆ ಎಳೆಯುವ ನಾಡದೋಣಿಯ ಸಂಗತಿ ಬೇರೆ. ಹಿಂದೆ ನೇತಾಡುವ ಟ್ರಾನ್ಸ್‌ಡ್ಯೂಸರ್ ಮೊದಲ ತಿಂಗಳಲ್ಲೇ ಮುರಿಯುತ್ತದೆ. ತಾಗಿದಾಗ ಮೇಲಕ್ಕೆ ಮಡಚುವ ಬ್ರ್ಯಾಕೆಟ್ ಒಂದು ದಾರಿ. ದೋಣಿಯ ಒಳಗಿನಿಂದಲೇ ತಳಕ್ಕೆ ಅಂಟಿಸುವುದು ಇನ್ನೊಂದು. ಆದರೆ ಇದಕ್ಕೆಂದೇ ಮಾಡಿದ ಟ್ರಾನ್ಸ್‌ಡ್ಯೂಸರ್ ಬೇಕು, ತಳ ಗಟ್ಟಿ ಫೈಬರ್ ಆಗಿರಬೇಕು. ನಡುವೆ ಪ್ಲೈವುಡ್ ಅಥವಾ ಫೋಮ್ ಇದ್ದರೆ ಅದರೊಳಗಿನ ಗಾಳಿಯೇ ಶಬ್ದವನ್ನು ನುಂಗುತ್ತದೆ. ಮರದ ದೋಣಿಗೆ ಫೈಬರ್ ಹೊದಿಸಿದ್ದರೂ ಅದೇ ಕಥೆ. ಅಂಟಿಸುವ ಮುಂಚೆ ಪರೀಕ್ಷೆ ಮಾಡಿ: ನೀವು ಹೋಗುವ ಅತಿ ಆಳದ ಜಾಗದಲ್ಲಿ ಗೇನನ್ನು (ಮರುದನಿಯನ್ನು ಎಷ್ಟು ಹಿಗ್ಗಿಸಬೇಕೆಂಬ ಸೆಟ್ಟಿಂಗ್) ಆಟೋದಿಂದ ತೆಗೆದು ಒಂದೇ ಅಂಕಿಗೆ ಇಡಿ, ಟ್ರಾನ್ಸ್‌ಡ್ಯೂಸರನ್ನು ಮೊದಲು ಹೊರಗೆ ನೀರಿನಲ್ಲಿ ಹಿಡಿದು ನೋಡಿ, ಆಮೇಲೆ ದೋಣಿಯೊಳಗೆ ಎರಡಿಂಚು ನೀರು ಹಾಕಿ ತಳಕ್ಕೆ ಒತ್ತಿ ನೋಡಿ. ತಳದ ಗೆರೆ ಸ್ವಲ್ಪ ತೆಳುವಾದರೆ ಪರವಾಗಿಲ್ಲ, ಮಾಯವಾದರೆ ಆ ಆಲೋಚನೆ ಬಿಡಿ. ಅಂಟಿಗೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಬೇಕು, ಸಿಲಿಕೋನ್ ಬೇಡ. ತಿರುಚುತ್ತ ಒತ್ತಿ ಗುಳ್ಳೆಯೆಲ್ಲ ಹೊರಹಾಕಿ. ಒಳಗೆ ಅಂಟಿಸಿದರೆ ನೀರಿನ ಉಷ್ಣಾಂಶ ಸರಿಯಾಗಿ ಸಿಗುವುದಿಲ್ಲ, ಅದಕ್ಕೆ ಒಪ್ಪಿಕೊಳ್ಳಬೇಕು. ಮರದ ತಳ ಕೊರೆದು ಕೂರಿಸುವುದಾದರೆ ಪ್ಲಾಸ್ಟಿಕ್ ಕೊಳವೆಯದು ತರಬೇಡಿ. ಮರ ನೀರು ಕುಡಿದು ಊದಿದಾಗ ಅದು ಸೀಳಿ ದೋಣಿಗೇ ನೀರು ನುಗ್ಗಬಹುದು. ಕಂಚಿನದೇ ಬೇಕು.

ಇನ್ನು ಕೊಳ್ಳುವ ಮಾತು. ಕರಾವಳಿಯಲ್ಲಿ ಬೀಡುಬಲೆ, ಗಾಳ ಹಾಕುವ ಸಣ್ಣ ದೋಣಿ 25 ಮಾರಿನೊಳಗೆ, ಅಂದರೆ ಸುಮಾರು 45 ಮೀಟರಿನೊಳಗೆ ಕೆಲಸ ಮಾಡುವುದಾದರೆ 200 ಕಿಲೋಹರ್ಟ್ಸ್ ಫ್ರೀಕ್ವೆನ್ಸಿಯ ಶಬ್ದ, ಅಥವಾ ಅದರ ಆಸುಪಾಸಿನ ಚಿರ್ಪ್ (ಒಂದೇ ಸಲಕ್ಕೆ ಹಲವು ಫ್ರೀಕ್ವೆನ್ಸಿ ಬಿಡುವಂಥದ್ದು) ಸಾಕು. 50 ಕಿಲೋಹರ್ಟ್ಸ್ ಆಳಕ್ಕೆ ಹೋಗುತ್ತದೆ ನಿಜ, ಆದರೆ ಕಿರಣ ಅಗಲ. 45 ಡಿಗ್ರಿ ಕಿರಣ 20 ಮೀಟರ್ ಆಳದಲ್ಲಿ ಸುಮಾರು 16.5 ಮೀಟರ್ ಅಗಲದ ವೃತ್ತವನ್ನು ಒಟ್ಟಿಗೆ ತೋರಿಸುತ್ತದೆ, 12 ಡಿಗ್ರಿಯದು 4 ಮೀಟರ್ ಮಾತ್ರ. ಕಲ್ಲಿನ ಅಂಚಿಗೆ ಬಲೆ ಸಿಕ್ಕದಂತೆ ಬಿಡಬೇಕಾದವರಿಗೆ ಆ 4 ಮೀಟರೇ ಬೇಕಾದದ್ದು.

ವ್ಯಾಟ್ ನೋಡಿ ಮರುಳಾಗಬೇಡಿ. ಡಬ್ಬದ ಮೇಲಿನ 4000 ವ್ಯಾಟ್ ಪೀಕ್ ಟು ಪೀಕ್ ಎಂದರೆ ಆರ್‌ಎಂಎಸ್, ಅಂದರೆ ಸರಾಸರಿ ಶಕ್ತಿಯ ಲೆಕ್ಕದಲ್ಲಿ 500. ಶಬ್ದ ಹೋಗುವಾಗಲೂ ಹರಡುತ್ತದೆ, ಬರುವಾಗಲೂ ಹರಡುತ್ತದೆ. ಹಾಗಾಗಿ ಶಕ್ತಿ ಎರಡು ಪಟ್ಟು ಮಾಡಿದರೂ ಮೀನು ಕಾಣುವ ಆಳ ಐದರಲ್ಲೊಂದು ಪಾಲು ಕೂಡ ಹೆಚ್ಚುವುದಿಲ್ಲ. ನಮ್ಮ ಆಳಕ್ಕೆ 300ರಿಂದ 500 ವ್ಯಾಟ್ ಆರ್‌ಎಂಎಸ್ ಧಾರಾಳ. ಮೆಷಿನ್ ಒಂದು ಕಡೆ, ಟ್ರಾನ್ಸ್‌ಡ್ಯೂಸರ್ ಇನ್ನೊಂದು ಕಡೆ ಕೊಳ್ಳುವವರು ಪಿನ್ ಹೊಂದಿದರೆ ಸಾಕು ಎಂದುಕೊಳ್ಳಬಾರದು. ಫ್ರೀಕ್ವೆನ್ಸಿಯೂ ಹೊಂದಬೇಕು, ಟ್ರಾನ್ಸ್‌ಡ್ಯೂಸರ್ ತಾಳುವ ವ್ಯಾಟ್ ಮೆಷಿನ್ ಕೊಡುವುದಕ್ಕಿಂತ ಕಡಿಮೆಯಿರಬಾರದು.

ಹಗ್ಗ ಎಳೆದು ಸ್ಟಾರ್ಟ್ ಮಾಡುವ ಎಂಜಿನಿನಲ್ಲಿ ಚಾರ್ಜಿಂಗ್ ಇಲ್ಲದಿದ್ದರೆ ಬ್ಯಾಟರಿ ಬೇರೆಯೇ ಬೇಕು. ಸಣ್ಣ ಮೆಷಿನ್ 0.8 ಆಂಪಿಯರ್ ಎಳೆದರೆ ಹತ್ತು ಗಂಟೆಗೆ 8 ಆಂಪಿಯರ್ ಅವರ್. ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು, ಹಾಗಾಗಿ 18ರದು ತನ್ನಿ. ತಂತಿ ನೇರ ಬ್ಯಾಟರಿಯಿಂದ, ಮೆಷಿನಿನ ಪುಸ್ತಕದಲ್ಲಿ ಹೇಳಿದ ಫ್ಯೂಸಿನೊಂದಿಗೆ ಬರಲಿ. ಟ್ರಾನ್ಸ್‌ಡ್ಯೂಸರ್ ಕೇಬಲನ್ನು ಉದ್ದ ಹೆಚ್ಚಾಯಿತೆಂದು ಕತ್ತರಿಸಬೇಡಿ, ಎಂಜಿನ್ ತಂತಿಯ ಜೊತೆ ಕಟ್ಟಲೂ ಬೇಡಿ. ನಿಂತಾಗಲೂ ಎಂಜಿನ್ ವೇಗ ಏರಿಸಿದಂತೆ ಪರದೆಯಲ್ಲಿ ಚುಕ್ಕೆ ಹೆಚ್ಚಿದರೆ ಅದು ನೊರೆಯಲ್ಲ, ಕರೆಂಟಿನ ತೊಂದರೆ.

ಮೀನಿನ ಚಿತ್ರ ತೋರಿಸುವ ಸೌಲಭ್ಯವನ್ನು ಆಫ್ ಮಾಡಿ. ಗುಳ್ಳೆಗೂ ಮೀನಿನ ಚಿತ್ರ ಬರೆಯುವ ಸೌಲಭ್ಯ ಅದು. ಯೂನಿಟ್ ನೋಡಿಕೊಳ್ಳಿ: ಅಡಿಯಲ್ಲಿಟ್ಟ ಮೆಷಿನಿನ 12ನ್ನು ಹನ್ನೆರಡು ಮಾರು ಎಂದು ಓದಿ ಅಳಿವೆಯಲ್ಲಿ ತಳ ತಾಗಿಸಿಕೊಳ್ಳುವುದು ಬೇಡ. ಧಕ್ಕೆ ಬಿಡುವ ಮೊದಲು ಸೀಸದ ಗುಂಡು ಕಟ್ಟಿದ ಹಗ್ಗ ಇಳಿಸಿ ಮಾರು ಅಳೆಯಿರಿ. ಟ್ರಾನ್ಸ್‌ಡ್ಯೂಸರ್ ನೀರಿನ ಮಟ್ಟದಿಂದ ಎಷ್ಟು ಕೆಳಗಿದೆಯೋ ಅಷ್ಟನ್ನು ಸೆಟ್ಟಿಂಗಿನಲ್ಲಿ ಸೇರಿಸಿದರೆ ಎರಡೂ ಹೊಂದಬೇಕು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ರಜೆಯಲ್ಲವೇ, ಆಗ ಟ್ರಾನ್ಸ್‌ಡ್ಯೂಸರಿನ ಮುಖ ನೋಡಿ. ಚಿಪ್ಪು ಹಿಡಿದಿದ್ದರೆ ಮರದ ಚಕ್ಕೆಯಿಂದ ಮೆಲ್ಲನೆ ಎಬ್ಬಿಸಿ, ಸಾಬೂನು ನೀರಿನಲ್ಲಿ ಉಜ್ಜಿ. ಕತ್ತಿ ತಾಗಿಸಬೇಡಿ. ಅಸಿಟೋನ್, ಥಿನ್ನರ್ ಪ್ಲಾಸ್ಟಿಕ್ಕನ್ನು ತಿನ್ನುತ್ತವೆ, ಅವು ಬೇಡ. ದೋಣಿಗೆ ಬಳಿಯುವ ಬಣ್ಣ ಉಳಿದಿದೆಯೆಂದು ಅದಕ್ಕೂ ಒಂದು ಕೈ ಬಳಿಯಬೇಡಿ. ಬಳಿಯಲೇಬೇಕಾದರೆ ಟ್ರಾನ್ಸ್‌ಡ್ಯೂಸರಿಗೆಂದೇ ಬರುವ ನೀರು ಆಧಾರಿತ ಬಣ್ಣ, ಅದೂ ತೆಳುವಾಗಿ.